ಡೊಂಬಿವಲಿಯಲ್ಲೇ ಇಳಿದುಕೊಳ್ಳಿ

ಮುಂಬೈ ನೋಡಲು ಹೊರಟ ಬಂಧುಗಳು ಫೋನಿನಲ್ಲಿ ಮೊದಲು ಕೇಳುವುದು, ‘ದಾದರ್ ಹತ್ರ ಒಳ್ಳೆ ಲಾಡ್ಜ್ ಐತೇನು?’ ಎಂದು. ಬೇಕಾದಷ್ಟಿವೆ. ಆದರೆ ಅಲ್ಲಿ ಉಳಿದವರು ಗೇಟ್‌ವೇ, ಮರೀನ್ ಡ್ರೈವ್ ನೋಡಿ ಊರಿಗೆ ಮರಳುತ್ತಾರೆ. ದಿನ ಬೆಳಗಾದರೆ ಆ ಮಹಾನಗರವನ್ನು ನಡೆಸಲು ಲೋಕಲ್ ಹತ್ತುವವರು ಎಲ್ಲಿ ಮಲಗಿ ಏಳುತ್ತಾರೆ ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ನೋಡಬೇಕಾದರೆ ಠಾಣೆ, ಕಲ್ಯಾಣ, ಡೊಂಬಿವಲಿಯ ಕಡೆ ತಂಗಬೇಕು.

ನಮ್ಮ ಗಾಡಿಗಳಿಗೂ ಇದೇ ಅನುಕೂಲ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ. ಮಂಗಳೂರಿನ ಮತ್ಸ್ಯಗಂಧ ಪನ್ವೇಲ್ ಮತ್ತು ಠಾಣೆಯಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದೂ 34 ಕಿಲೋಮೀಟರ್ ದೂರದ ಈ ಠಾಣೆಯಲ್ಲೇ. ಡೊಂಬಿವಲಿ ಇನ್ನಷ್ಟು ಒಳಗೆ. ಎಷ್ಟು ದೂರ ಎಂದು ಕೇಳಿದರೆ ಇಲ್ಲಿ ಯಾರೂ ಕಿಲೋಮೀಟರ್ ಹೇಳುವುದಿಲ್ಲ. ‘ಫಾಸ್ಟ್‌ನಲ್ಲಿ ತಾಸು, ಸ್ಲೋ ಆದರೆ ಒಂದೂವರೆ ಅನ್ನಿ.’

ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ರೂಮು ಹಿಡಿಯಬೇಕು. ಈಸ್ಟೋ ವೆಸ್ಟೋ ಎಂದು ಮೊದಲೇ ಕೇಳಿಕೊಳ್ಳಬೇಕು. ಸಂಜೆಯ ನೂಕುನುಗ್ಗಲಿನಲ್ಲಿ ಚೀಲ ಹೊತ್ತು ಬ್ರಿಜ್ ದಾಟಿದವರು ಎರಡನೇ ಸಲ ಆ ತಪ್ಪು ಮಾಡುವುದಿಲ್ಲ. ಫ್ಲ್ಯಾಟನ್ನು ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದಾದರೆ ಸೊಸೈಟಿಯ ಒಪ್ಪಿಗೆ ಇದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಗೇಟಿನಲ್ಲಿ ವಾಚ್‌ಮನ್ ತಡೆಯುತ್ತಾನೆ. ಪರಿಚಯದವರ ಮನೆ ಸಿಕ್ಕಿದರೆ ಮಾತೇ ಇಲ್ಲ. ಕರ್ನಾಟಕ ಸಂಘ, ಅದರ ಮಂಜುನಾಥ ವಿದ್ಯಾಲಯ ಇರುವ ಊರಿದು. ಒಬ್ಬ ಕನ್ನಡಿಗ ಗೊತ್ತಾದರೆ ಹತ್ತು ಮಂದಿ ಗೊತ್ತಾಗುತ್ತಾರೆ.

ಹೋದ ಚಳಿಗಾಲದಲ್ಲಿ ಧಾರವಾಡದ ಸೋದರಮಾವ ನಾಲ್ಕು ದಿನ ನಮ್ಮಲ್ಲಿದ್ದರು. ಮೊದಲ ಸಂಜೆ ಅವರನ್ನು ಓಣಿಯ ‘ಪೋಳಿ-ಭಾಜಿ ಕೇಂದ್ರ’ಕ್ಕೆ ಕಳಿಸಿದೆ. ಗಂಡ ಹೆಂಡತಿ ಇಬ್ಬರೂ ಎಂಟು ಗಂಟೆಗೆ ಲೋಕಲ್ ಇಳಿಯುವ ಮನೆಗಳಿಗೆ ಇಂಥ ಕೇಂದ್ರಗಳೇ ಅರ್ಧ ಅಡುಗೆಮನೆ. ಗೂಡಿನಷ್ಟು ಜಾಗ. ಒಳಗೆ ಇಬ್ಬರು ಹೆಂಗಸರು ಲಟ್ಟಿಸುತ್ತಾರೆ, ಒಬ್ಬಾಕೆ ಬೇಯಿಸುತ್ತಾಳೆ, ಇನ್ನೊಬ್ಬಾಕೆ ಕಾಗದದಲ್ಲಿ ಸುತ್ತಿ ಎಣಿಸಿ ಕೊಡುತ್ತಾಳೆ. ಹೊರಗೆ ಆಫೀಸಿನ ಬ್ಯಾಗು ಹೆಗಲಲ್ಲೇ ಇರುವವರ ಸಾಲು. ಮಾವ ಅರ್ಧ ತಾಸು ಆ ಸಾಲಿನಲ್ಲಿ ನಿಂತು, ಬಿಸಿ ಪೊಟ್ಟಣ ಎದೆಗೆ ಅವುಚಿಕೊಂಡು ಬಂದು ಬಿಚ್ಚಿದರು. ‘ಇದೇನಪಾ, ಬರೇ ಚಪಾತಿ ಐತಿ! ಹೂರಣ ಎಲ್ಲಿ?’ ಪಾಪ, ಪೋಳಿ ಅಂದರೆ ಅವರ ತಲೆಯಲ್ಲಿ ಹೋಳಿಗೆ. ಮರಾಠಿಯಲ್ಲಿ ದಿನದ ಚಪಾತಿಯೂ ಪೋಳಿಯೇ. ಮರುದಿನ ಸಂಜೆ ಹೇಳದೆಯೇ ಅವರು ಮತ್ತೆ ಆ ಸಾಲಿಗೆ ಹೋದರು. ಯಾವ ಮನೆಯವರು ಎಷ್ಟು ಪೋಳಿ ಒಯ್ಯುತ್ತಾರೆ ಎಂಬ ವರದಿ ನಮಗೆ ರಾತ್ರಿ ಸಿಗತೊಡಗಿತು.

ಸಂಜೆಗೆ ಫಡಕೆ ರಸ್ತೆ ಇದೆ, ತುದಿಯಲ್ಲಿ ಗಣೇಶ ಮಂದಿರ. ದೀಪಾವಳಿಯ ಬೆಳಿಗ್ಗೆ ಊರಿನ ಹುಡುಗ ಹುಡುಗಿಯರೆಲ್ಲ ಹೊಸ ಬಟ್ಟೆ ತೊಟ್ಟು ಸುಮ್ಮನೆ ಓಡಾಡಲು ಬರುವುದು ಇಲ್ಲಿಗೇ. ಗುಡಿ ಪಾಡ್ವದ, ಅಂದರೆ ನಮ್ಮ ಯುಗಾದಿಯ, ಶೋಭಾಯಾತ್ರೆ 1999ರಲ್ಲಿ ಈ ಊರಿನಲ್ಲಿ ಶುರುವಾಯಿತು. ಈಗ ಬೇರೆ ಊರುಗಳೂ ನಡೆಸುತ್ತವೆ. ಬರುವ ದಿನವನ್ನು ಆರಿಸುವ ಸ್ವಾತಂತ್ರ್ಯವಿದ್ದರೆ ಯುಗಾದಿಗೇ ಬನ್ನಿ.

ಠಾಣೆಗೆ ಒಂದು ಬೆಳಗು ಸಾಕು: ಮಾಸುಂದಾ ಕೆರೆಯ ದಂಡೆ, ಕೋಪಿನೇಶ್ವರ ದೇವಸ್ಥಾನ, ಆಮೇಲೆ ಮಾಮ್ಲೇದಾರ್ ಮಿಸಳ್. ತಹಸೀಲ್ದಾರ್ ಕಚೇರಿಯ ಮಗ್ಗುಲಲ್ಲಿ ಹುಟ್ಟಿದ್ದರಿಂದ ಆ ಹೆಸರು. ಕಣ್ಣಲ್ಲಿ ನೀರು ತರಿಸುವ ಈ ಪಕ್ಕಾ ಮರಾಠಿ ತಿಂಡಿಯನ್ನು ಹೆಸರಾಗಿಸಿದ ಮನೆತನದ ಅಡ್ಡಹೆಸರು ಮಾತ್ರ ಮುರ್ಡೇಶ್ವರ!

ತಂಗಲು ನವಿ ಮುಂಬೈಯೂ ಇದೆ, ಸಿಡ್ಕೊ ಸಂಸ್ಥೆ 1970ರ ನಂತರ ಯೋಜನೆ ಹಾಕಿ ಕಟ್ಟಿದ ಊರು. ರಸ್ತೆ ಅಗಲ, ರೂಮು ಅಚ್ಚುಕಟ್ಟು. ಅದರ ಸೆಕ್ಟರುಗಳಲ್ಲಿ ನನಗೆ ಮಾತ್ರ ದಾರಿಯೂ ತಪ್ಪುತ್ತದೆ, ಬೇಸರವೂ ಬರುತ್ತದೆ. ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್ ಬೇರೆ ಮಾತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಏಳೇಳು ಮನೆಗಳನ್ನು ಒಂದೊಂದು ಅಂಗಳದ ಸುತ್ತ ಕೂಡಿಸಿದರು. ಮನೆಯವರು ಮಹಡಿ ಏರಿಸಿ ಗುರುತು ಸಿಗದಂತೆ ಮಾಡಿದ್ದಾರೆ, ಅಂಗಳಗಳು ಉಳಿದಿವೆ. ಸಮೀಪದ ದಿವಾಳೆ ಗ್ರಾಮದಲ್ಲಿ ಕೋಳಿಗಳು, ಅಂದರೆ ನಮ್ಮ ಮೊಗವೀರರಂಥ ಮೀನುಗಾರರು, ಸೆಕ್ಟರುಗಳು ಹುಟ್ಟುವ ಮೊದಲಿನಿಂದಲೂ ದೋಣಿ ಇಳಿಸುತ್ತಿದ್ದಾರೆ.

ಎರಡು ಬೆಳಗು ಮಾವ ಡೊಂಬಿವಲಿಯ ಪ್ಲ್ಯಾಟ್‌ಫಾರ್ಮಿನಲ್ಲಿ ಗಾಡಿ ಹತ್ತಲಾಗದೆ ನಿಂತರು. ಅಷ್ಟರಲ್ಲಿ ಪೋಳಿಯ ಸಾಲಿನ ಗೆಳೆಯರೊಬ್ಬರು ‘ರಿಟರ್ನ್’ ಹೇಳಿಕೊಟ್ಟಿದ್ದರು: ಮೊದಲು ಹಿಮ್ಮುಖವಾಗಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಸೀಟು ಹಿಡಿದು ಬರುವುದು. ಕೊನೆಯ ದಿನ ನಾನು ನಿಂತಿದ್ದ ಜಾಗದೆದುರಿಗೇ ಡಬ್ಬಿ ಬಂತು. ನುಗ್ಗಿ ಒಳಗೆ ಬಿದ್ದರೆ, ಮಾವ ಕಿಟಕಿಯ ಪಕ್ಕ ಕೂತಿದ್ದಾರೆ. ಮೂವರ ಬೆಂಚಿನಲ್ಲಿ ಪಕ್ಕದ ಇಬ್ಬರನ್ನೂ ಒಳಗೆ ಸರಿಸಿ ನನ್ನನ್ನು ಕರೆದರು: ‘ಬಾರಲೇ, ಫೋರ್ಥ್ ಸೀಟ್ ಐತಿ.’