ನೆಲನೆಲ್ಲಿಯೂ ಲಿವರ್ ಕ್ಯಾನ್ಸರೂ

ಮಳೆಗಾಲ ಹಿಡಿದ ಮೇಲೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಅಡಿಕೆ ತೋಟಗಳಲ್ಲಿ ಯಾರೂ ನೆಡದ ಗಿಡವೊಂದು ಗೇಣುದ್ದ ಏಳುತ್ತದೆ. ಕಡ್ಡಿ ಮಗುಚಿ ನೋಡಿದರೆ ಎಲೆಗಳಡಿಯಲ್ಲಿ ಸಾಸಿವೆಗಿಂತ ತುಸು ದಪ್ಪದ ಹಸಿರು ಕಾಯಿಗಳ ಸಾಲು. ಇದೇ ನೆಲನೆಲ್ಲಿ, ಕಿರುನೆಲ್ಲಿ ಎಂದರೂ ಇದೇ. ಕಾಮಾಲೆಯಾದರೆ ಬೇರುಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕುಡಿಸುವುದು, ಮೇಲೆ ಕಟ್ಟುನಿಟ್ಟಿನ ಪಥ್ಯ. ಧರ್ಮಸ್ಥಳದ ಸುತ್ತಿನ ಹಳ್ಳಿಗಳಲ್ಲಿ ಈ ಮದ್ದು ಗೊತ್ತಿಲ್ಲದ ಹಿರಿಯರು ಕಡಿಮೆ.

ಈ ಗಿಡದ ಬೆನ್ನು ಹತ್ತಿದವರಲ್ಲಿ ನೊಬೆಲ್ ವಿಜ್ಞಾನಿಯೊಬ್ಬರೂ ಇದ್ದರು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ಪ್ರಶಸ್ತಿ ಪಡೆದ ಬರೂಕ್ ಬ್ಲೂಂಬರ್ಗ್. ಈ ವೈರಸ್ ವರ್ಷಗಟ್ಟಲೆ ಲಿವರಿನಲ್ಲಿ ಬೀಡುಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು. ಹಾಗಾಗಿ ವೈರಸ್ಸನ್ನು ಓಡಿಸುವ ಗಿಡ ಸಿಕ್ಕರೆ ಕ್ಯಾನ್ಸರನ್ನೇ ತಡೆದಂತೆ. ಮದರಾಸು ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ಮತ್ತು ಬ್ಲೂಂಬರ್ಗ್ ಸೇರಿ ನಡೆಸಿದ ಪ್ರಯೋಗದ ವರದಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ವೈರಸ್ ಹೊತ್ತಿದ್ದ 37 ಮಂದಿಗೆ ಒಂದು ತಿಂಗಳು ನೆಲನೆಲ್ಲಿ ಪುಡಿಯ ಕ್ಯಾಪ್ಸೂಲ್ ಕೊಟ್ಟಾಗ 22 ಮಂದಿಯ ರಕ್ತದಲ್ಲಿ ಅದರ ಗುರುತು ಕಾಣೆಯಾಗಿತ್ತು. ಹುಸಿ ಮಾತ್ರೆ ನುಂಗಿದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಆದರೆ ಬೇರೆ ಕಡೆ ಪ್ರಯೋಗ ಮಾಡಿದವರಿಗೆ ಅಂಥ ಫಲ ಸಿಗಲಿಲ್ಲ. ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2011ರ ಕಾಕ್ರೇನ್ ಸಮೀಕ್ಷೆಯೂ ಪುರಾವೆ ಸಾಲದು ಎಂದಿತು.

ಹಾಗಿದ್ದರೆ ಹಳ್ಳಿಯಲ್ಲಿ ಕಾಮಾಲೆ ವಾಸಿಯಾದದ್ದು ಸುಳ್ಳೇ? ಸುಳ್ಳಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಅಷ್ಟರಲ್ಲಿ ಮದ್ದು ಕುಡಿದಿದ್ದರೆ ಹೆಸರು ಮದ್ದಿಗೆ. ಕಣ್ಣು ಹಳದಿಯಾಗಲು ಲಿವರಿನ ಗಡ್ಡೆಯೋ ಸಿರೋಸಿಸ್ಸೋ ಕಾರಣವಾಗಿದ್ದಾಗ ಮಾತ್ರ ಪಥ್ಯದಲ್ಲಿ ಕಳೆದ ಆ ವಾರಗಳು ಬಹಳ ದುಬಾರಿ.

ಲ್ಯಾಬಿನಲ್ಲಿ ಗಿಡಗಳು ತೋರುವ ಶಕ್ತಿ ನಿಜಕ್ಕೂ ದೊಡ್ಡದು. ತ್ರಿಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ, ಲಿವರ್ ಕ್ಯಾನ್ಸರ್ ಬರಿಸಿದ ಇಲಿಗಳಿಗೆ ನೆಲನೆಲ್ಲಿಯ ಸಾರ ಕೊಟ್ಟಾಗ ಅವು ಉಳಿದವಕ್ಕಿಂತ ಹೆಚ್ಚು ಕಾಲ ಬದುಕಿದವು. ಅರಿಶಿನದ ಕರ್ಕ್ಯುಮಿನ್, ಕಿರಾತಕಡ್ಡಿಯ ಕಹಿಗೆ ಕಾರಣವಾದ ಆಂಡ್ರೊಗ್ರಾಫೊಲೈಡ್ ಕೂಡ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಇಂಥ ಪರೀಕ್ಷೆಗಳಿಗೆ ಜಗತ್ತಿನಾದ್ಯಂತ ಬಳಕೆಯಾಗುವ ‘ಹೆಪ್ ಜಿ2’ ಕೋಶಗಳು 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಲಿವರ್ ಗಡ್ಡೆಯಿಂದ ಬಂದವು. ತಟ್ಟೆಯಲ್ಲಿ ಕೋಶದ ಮೇಲೆಯೇ ಮದ್ದು ಸುರಿಯಬಹುದು, ದೇಹದಲ್ಲಿ ಹಾಗಾಗದು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಸೇರಿದ್ದನ್ನೂ ಕರುಳು ಮತ್ತು ಲಿವರ್ ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ.

ಗಿಡದ ಅಂಶ ಔಷಧಿಯಾಗಲು ಏನೆಲ್ಲ ಬೇಕೆಂಬುದನ್ನು ಪಶ್ಚಿಮಘಟ್ಟದ ದುರ್ವಾಸನೆ ಮರದಿಂದ ತಿಳಿಯಬಹುದು. ಅಮೆರಿಕದ ವಿಜ್ಞಾನಿಗಳಾದ ವಾಲ್ ಮತ್ತು ವಾಣಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕಂಡ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ಅಂಶ 1972ರಲ್ಲಿ ಈ ಮರದಲ್ಲೂ ಸಿಕ್ಕಿತು. ನೇರವಾಗಿ ಕೊಟ್ಟಾಗ ರೋಗಿಗಳ ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಪ್ರಯೋಗ ನಿಂತಿತು. ಅಣುವನ್ನು ತಿದ್ದಿದ ಮೇಲೆಯೇ ಇರಿನೊಟೆಕಾನ್ ಎಂಬ ಔಷಧಿ ಬಂದದ್ದು. ಅದು ಮುಖ್ಯವಾಗಿ ದೊಡ್ಡಕರುಳಿನ ಕ್ಯಾನ್ಸರಿಗೆ; ಲಿವರ್ ಸೋತವರಿಗೆ ಬಹಳ ಎಚ್ಚರದಿಂದ ಕೊಡಬೇಕು. ಇತ್ತ ಈ ಅಂಶಕ್ಕಾಗಿ ಮರಗಳಿಗೆ ಕೊಡಲಿ ಬಿತ್ತು. ಯಾವ ಕಾಡಿನ ಮರದಲ್ಲಿ ಈ ಅಂಶ ಎಷ್ಟಿದೆಯೆಂದು ಅಳೆದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ತಂಡದ ಕೆಲಸ ಈ ಕಾರಣಕ್ಕೂ ಬೆಲೆಯುಳ್ಳದ್ದು.

ಲಿವರ್ ಕ್ಯಾನ್ಸರಿಗೇ ಸಸ್ಯಮೂಲದ ಮದ್ದೊಂದು ಬಂದಿದೆ. ಎಪಿಮೀಡಿಯಂ ಎಂಬ ಗಿಡದಿಂದ ದೊರೆತ ಐಕಾರಿಟಿನ್‌ಗೆ 2022ರಲ್ಲಿ ಚೀನಾ ಷರತ್ತುಬದ್ಧ ಒಪ್ಪಿಗೆ ಕೊಟ್ಟಿತು, ಅದೂ ಉಲ್ಬಣಿಸಿದ ರೋಗದ ಕೆಲವರಿಗೆ. ಈ ರೋಗದಲ್ಲಿ ಹೊಸ ಮದ್ದಿನ ಹಸಿವು ಎಷ್ಟೆಂದರೆ, 2007ರಲ್ಲಿ ಇದಕ್ಕೆ ಒಪ್ಪಿಗೆ ಪಡೆದ ಸೊರಾಫೆನಿಬ್ ಮಾತ್ರೆ ರೋಗಿಗಳ ಆಯುಸ್ಸಿನ ಮಧ್ಯಮಾಂಕವನ್ನು 7.9 ತಿಂಗಳಿಂದ 10.7ಕ್ಕೆ ಏರಿಸಿದ್ದೇ ಆಗ ದೊಡ್ಡ ಸುದ್ದಿ.

ಗಿಡವೆಂದ ಮಾತ್ರಕ್ಕೆ ಲಿವರಿಗೆ ಅಪಾಯವಿಲ್ಲ ಎನ್ನಲಾಗದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರಿಗೆ ಪೆಟ್ಟಾದದ್ದನ್ನು ದೇಶದ ಹಲವು ಆಸ್ಪತ್ರೆಗಳ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಈ ತಕರಾರು ಏನೇ ಇರಲಿ, ಕಷಾಯ ಕುಡಿಯುತ್ತಿರುವುದನ್ನು ರೋಗಿ ಡಾಕ್ಟರ ಮುಂದೆ ಮುಚ್ಚಿಡುವುದೂ, ಹೇಳಿದರೆ ಡಾಕ್ಟರು ಗದರುವುದೂ ಇನ್ನಾದರೂ ನಿಲ್ಲಬೇಕು.

ಬ್ಲೂಂಬರ್ಗ್ ಗಿಡದಲ್ಲಿ ಹುಡುಕಿದ್ದಕ್ಕೆ ಈಗ ಬೇರೆ ದಾರಿಯಿದೆ. ಅವರ ಶೋಧದಿಂದಲೇ ಹುಟ್ಟಿದ ಹೆಪಟೈಟಿಸ್ ಬಿ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ 24 ಗಂಟೆಯೊಳಗೆ ಉಚಿತವಾಗಿ ಹಾಕುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ದೊಡ್ಡವರಿಗೂ ರಕ್ತಪರೀಕ್ಷೆ, ಬೇಕಿದ್ದವರಿಗೆ ವೈರಸ್ ಹತ್ತಿಕ್ಕುವ ಮಾತ್ರೆ, ಎರಡೂ ಪುಕ್ಕಟೆ.