ಫಾರ್ಮ್ಯಾಟ್ ಮಾಡಿಸುವ ಮುನ್ನ

ಕಂಪ್ಯೂಟರ್ ಶುರುವಾಗಲು ಐದು ನಿಮಿಷ ಹಿಡಿಯುತ್ತಿದೆ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ. ‘ವೈರಸ್ ಬಂದಿರಬೇಕು, ಒಂದ್ಸಲ ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬ ಉತ್ತರ ತಯಾರಿರುತ್ತದೆ. ವೈರಸ್‌ನಿಂದ ನಿಧಾನವಾಗುವುದುಂಟು, ಆದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನಲ್ಲ. ಫಾರ್ಮ್ಯಾಟ್ ಅಂತೂ ಕೊನೆಯ ದಾರಿ.

ಹೊತ್ತು ಎಲ್ಲಿ ಹೋಗುತ್ತಿದೆ ಎಂಬುದನ್ನು ವಿಂಡೋಸ್ ತಾನೇ ತೋರಿಸುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಈಚಿನ ಯಂತ್ರಗಳಲ್ಲಿ ಅದರ ಸ್ಟಾರ್ಟಪ್ ಪುಟದ ಮೇಲುಮೂಲೆಯಲ್ಲಿ ‘ಲಾಸ್ಟ್ ಬಯಾಸ್ ಟೈಮ್’ ಎಂದು ಸೆಕೆಂಡುಗಳ ಲೆಕ್ಕವಿರುತ್ತದೆ. ಅದು ವಿಂಡೋಸ್ ಕೆಲಸ ಹಿಡಿಯುವ ಮೊದಲೇ ಕಳೆದ ಹೊತ್ತು. ಅಲ್ಲೇ ಅರ್ಧ ನಿಮಿಷ ಹೋಗುತ್ತಿದ್ದರೆ ವಿಂಡೋಸನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ಚುಚ್ಚಿಟ್ಟು ಮರೆತ ಪೆನ್‌ಡ್ರೈವ್ ತೆಗೆದು ನೋಡಬೇಕು. ಲಾಗಿನ್ ಆದಕೂಡಲೇ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯೂ ಅದೇ ಪುಟದಲ್ಲಿದೆ. ‘ಹೈ’ ಎಂಬ ಗುರುತಿರುವ, ತಕ್ಷಣ ಬೇಕಿಲ್ಲದ ಮೀಟಿಂಗ್ ಆ್ಯಪ್, ಗೇಮ್ ಲಾಂಚರ್‌ಗಳನ್ನು ಡಿಸೇಬಲ್ ಮಾಡಿ. ಅವು ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆಯಬಹುದು.

ಡೆಸ್ಕ್‌ಟಾಪ್ ತುಂಬ ಫೋಟೊ ಇಟ್ಟದ್ದೇ ತಪ್ಪು ಎನ್ನುವವರಿದ್ದಾರೆ. ಆ ಫೋಟೊಗಳು ಶುರುವಿನಲ್ಲಿ ತೆರೆದುಕೊಳ್ಳುವುದೇ ಇಲ್ಲ, ಐಕಾನ್ ಮಾತ್ರ ಕಾಣಿಸಿಕೊಳ್ಳುತ್ತದೆ. ಸಿ ಡ್ರೈವ್ ಭರ್ತಿಯಾಗಿದ್ದರೆ ಅದು ಬೇರೆ ಮಾತು.

‘ರ‍್ಯಾಮ್ ಹೆಚ್ಚಿಸಿ’ ಎಂಬ ಸಲಹೆಗೆ ಜನ ಸುಮ್ಮನೆ ದುಡ್ಡು ಸುರಿಯುತ್ತಾರೆ. ಹತ್ತಾರು ಟ್ಯಾಬ್ ತೆರೆದು ಕೆಲಸ ಮಾಡುವಾಗ ರ‍್ಯಾಮ್ ನೆರವಾಗುತ್ತದೆ, ನಿಜ. ಆದರೆ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಡಿಸ್ಕ್‌ನಿಂದಲೇ ಓದಬೇಕು. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ತಲೆ ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ತುಣುಕು ತಿರುಗಿ ಅದರಡಿಗೆ ಬರಬೇಕು. ಹೀಗೆ ಚದುರಿದ ತುಣುಕುಗಳನ್ನು ಸೆಕೆಂಡಿಗೆ ನೂರರಷ್ಟು ಓದುವುದೂ ಅದಕ್ಕೆ ಕಷ್ಟ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಸಾವಿರಗಟ್ಟಲೆ ಓದುತ್ತದೆ. ಹಳೆಯ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುವುದಾದರೆ ಅದು ಎಸ್‌ಎಸ್‌ಡಿಗೇ ಇರಲಿ.

ರಾತ್ರಿ ಶಟ್ ಡೌನ್ ಮಾಡಿದರೆ ಬೆಳಿಗ್ಗೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಹೊತ್ತಿನಲ್ಲಿ ವಿಂಡೋಸ್‌ನ ಒಳಭಾಗದ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೇ ಎದ್ದುಬರುತ್ತದೆ, ಸಿಕ್ಕಿಕೊಂಡ ಡ್ರೈವರ್ ಸಮೇತ. ಎಲ್ಲವನ್ನೂ ಮೊದಲಿನಿಂದ ಶುರುಮಾಡುವುದು ರೀಸ್ಟಾರ್ಟ್.

ರಿಜಿಸ್ಟ್ರಿ ಕ್ಲೀನರ್‌ಗಳ ಗೊಡವೆಯೇ ಬೇಡ. ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸುವ ‘ಟ್ರಿಕ್’ ಕೂಡ ಸುಳ್ಳು. ವಿಂಡೋಸ್ ಮೊದಲೇ ಎಲ್ಲ ಕೋರ್‌ಗಳನ್ನೂ ಬಳಸುತ್ತಿರುತ್ತದೆ. ಅಲ್ಲಿ ಆ ಆಯ್ಕೆ ಇರುವುದು ಸಂಖ್ಯೆ ಇಳಿಸುವುದಕ್ಕೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ಮೊನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ಇದ್ದಕ್ಕಿದ್ದಂತೆ ತೆವಳತೊಡಗಿದರೆ, ಫೈಲ್ ತೆರೆಯುವಾಗ ಸ್ತಬ್ಧವಾದರೆ, ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದರೆ, ಡಿಸ್ಕ್ ಸಾಯುತ್ತಿರಬಹುದು. ಕೆಟ್ಟ ಭಾಗವನ್ನು ಅದು ಮತ್ತೆ ಮತ್ತೆ ಓದಲು ಹೆಣಗುವುದೇ ಆ ನಿಧಾನಕ್ಕೆ ಕಾರಣ. ಇಂಥ ಡಿಸ್ಕ್‌ಗೆ ಫಾರ್ಮ್ಯಾಟ್ ಮದ್ದಲ್ಲ. ಮೇಲೆ ಹೊಸ ವಿಂಡೋಸ್ ಬರೆದುಬಿಟ್ಟರೆ ಉಳಿಸಬಹುದಾಗಿದ್ದ ಫೈಲುಗಳೂ ಕೈತಪ್ಪುತ್ತವೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ, ಆಮೇಲೆ ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಜೊತೆಗೇ ತೆಗೆದಿಡಿ. ಅವು ಯೂನಿಕೋಡ್ ಅಲ್ಲವಾದ್ದರಿಂದ, ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.