ಹಿಮದೂರಿಗೆ ಕಾರಿಲ್ಲದ ದಾರಿ

ಸ್ವಿಟ್ಜರ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿರುವ ಜೆರ್ಮಾಟ್‌ಗೆ ಸ್ಕೀಯಿಂಗ್ ಮೋಹಿತರು ಜಗತ್ತಿನ ಮೂಲೆಮೂಲೆಗಳಿಂದ ಬರುತ್ತಾರೆ. ಆದರೆ ಎಷ್ಟೇ ಬೆಲೆಬಾಳುವ ಕಾರಿನಲ್ಲಿ ಬಂದವರೂ ಐದು ಕಿಲೋಮೀಟರ್ ಹಿಂದೆ, ಟೇಷ್ ಎಂಬ ಹಳ್ಳಿಯಲ್ಲಿ ಇಳಿಯಲೇಬೇಕು. ಮುಂದಿನ ಕಿರಿದಾದ ರಸ್ತೆ ಪ್ರವಾಸಿಗರ ವಾಹನಗಳಿಗೆ ಮುಚ್ಚಿದೆ. ಊರೊಳಗೆ ಓಡುವುದು ಬಹುಮಟ್ಟಿಗೆ ಪುಟ್ಟ ವಿದ್ಯುತ್ ಬಂಡಿಗಳು. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಊರು ಉಳಿದಿರುವುದೇ ಇದರಿಂದ.

ಜ್ಯೂರಿಕ್ ಅಥವಾ ಜಿನೀವಾದಲ್ಲಿ ವಿಮಾನ ಇಳಿದವರಿಗೆ ರೈಲೇ ಸಹಜವಾದ ಆಯ್ಕೆ. ವಿಸ್ಪ್ ಎಂಬಲ್ಲಿ ಗಾಡಿ ಬದಲಿಸಿದರೆ ಒಟ್ಟು ಮೂರೂವರೆಯಿಂದ ನಾಲ್ಕು ಗಂಟೆಯ ಪಯಣ. 2007ರಲ್ಲಿ 34.6 ಕಿಲೋಮೀಟರ್ ಉದ್ದದ ಲೋಟ್ಷ್‌ಬರ್ಗ್ ಸುರಂಗ ತೆರೆದ ಮೇಲೆ ಬರ್ನ್ ಕಡೆಯಿಂದ ಬರುವವರಿಗೆ ಸುಮಾರು ಒಂದು ಗಂಟೆ ಉಳಿತಾಯವಾಗಿದೆ. ವಿಸ್ಪ್‌ನಿಂದ ಮುಂದಿನದು ಮೀಟರ್‌ಗೇಜ್ ಮಾರ್ಗ. ಕಡಿದಾದ ಏರುಗಳಲ್ಲಿ ಎಂಜಿನ್ನಿನ ಹಲ್ಲುಚಕ್ರ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಮೇಲೇರುತ್ತದೆ. ಕಾರಿನವರು ಟೇಷ್‌ನ ವಿಶಾಲ ನಿಲುಗಡೆಯಲ್ಲಿ ವಾಹನ ಬಿಟ್ಟು, ಹನ್ನೆರಡು ನಿಮಿಷದ ಷಟಲ್ ರೈಲು ಹಿಡಿಯುತ್ತಾರೆ. ನಿಲುಗಡೆಯ ಬಾಡಿಗೆ, ಷಟಲ್ ಟಿಕೆಟ್, ಹಿಮಕ್ಕೆ ತಕ್ಕ ಟೈರು ಎಲ್ಲವನ್ನೂ ಕೂಡಿಸಿ ನೋಡಿದರೆ ಬಾಡಿಗೆ ಕಾರಿನ ಮೋಹ ತಾನಾಗಿ ಇಳಿಯುತ್ತದೆ. ನಾಲ್ಕು ಸೂಟ್‌ಕೇಸುಗಳಿಲ್ಲದೆ ಹೊರಡದ ನಮ್ಮ ಕುಟುಂಬಗಳು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

2023ರಿಂದ ಇಟಲಿಯ ಚೆರ್ವಿನಿಯಾ ಕಡೆಯಿಂದಲೂ ಕೇಬಲ್ ಕಾರುಗಳ ಸರಪಳಿ ಇದೆ. 3,883 ಮೀಟರ್ ಎತ್ತರದ ನಿಲ್ದಾಣವನ್ನು ಹಾದು ಬರುವ ಅದು ಅದ್ಭುತವೇ ಸರಿ. ಆದರೆ ಗಾಳಿ ಬೀಸಿದರೆ ನಿಲ್ಲುವ ಅದನ್ನು ನಂಬಿ ಲಗೇಜಿನೊಂದಿಗೆ ಹೊರಡಲು ನಾನು ಯಾರಿಗೂ ಹೇಳಲಾರೆ.

ಈ ವ್ಯವಸ್ಥೆಗೆ ದುರ್ಬಲ ಜಾಗವೂ ಇದೆ: ಕಣಿವೆ ಒಂದೇ. 1891ರಲ್ಲಿ ಬಂದ ರೈಲು ದಶಕಗಳ ಕಾಲ ಚಳಿಗಾಲದಲ್ಲಿ ಓಡುತ್ತಲೇ ಇರಲಿಲ್ಲ. 1991ರಲ್ಲಿ ರಾಂಡಾ ಬಳಿ ಬೆಟ್ಟದ ಮಗ್ಗುಲೇ ಕುಸಿದು ಹಳಿಯನ್ನೂ ರಸ್ತೆಯನ್ನೂ ಹೂತುಹಾಕಿತು. 2018ರ ಜನವರಿಯಲ್ಲಿ ಭಾರೀ ಹಿಮ ಬಿದ್ದು ಸುಮಾರು 13,000 ಪ್ರವಾಸಿಗರು ಸಿಲುಕಿಕೊಂಡರು. ಅವಸರವಿದ್ದವರನ್ನು ಹೆಲಿಕಾಪ್ಟರುಗಳು ಟೇಷ್‌ಗೆ ಸಾಗಿಸಿದವು. ಇಂಥ ಹೊತ್ತಿನಲ್ಲಿ 'ದೊಡ್ಡ ರಸ್ತೆ ಇದ್ದಿದ್ದರೆ' ಎಂಬ ಮಾತು ಏಳುತ್ತದೆ. ಹಳಿಯನ್ನು ಮುಚ್ಚುವ ಹಿಮಪ್ರಪಾತ ಪಕ್ಕದ ರಸ್ತೆಯನ್ನು ಬಿಟ್ಟೀತೇ? ರಸ್ತೆಯನ್ನು ಹಿಗ್ಗಿಸಿದರೆ ಬಿಸಿಲಿನ ದಿನ ಕಾರುಗಳು ಹೆಚ್ಚುತ್ತವೆ, ಹಿಮದ ದಿನ ಸಿಲುಕುವವರೂ ಹೆಚ್ಚುತ್ತಾರೆ. ಹಣವಿದ್ದರೆ ಹಳಿಯ ಮೇಲೆ ಹಿಮತಡೆಯ ಚಾವಣಿ ಕಟ್ಟುವುದೇ ಮೇಲು.

ಜನವರಿಯಲ್ಲಿ ಹೋಗುವವರು ಮರಳುವ ವಿಮಾನಕ್ಕೆ ಮುಂಚಿನ ರಾತ್ರಿ ಜ್ಯೂರಿಕ್‌ನಲ್ಲೋ ಜಿನೀವಾದಲ್ಲೋ ತಂಗುವಂತೆ ಯೋಜಿಸಲಿ. ವಿಮಾನದ ದಿನ ಬೆಳಗ್ಗೆಯೇ ಕಣಿವೆ ಇಳಿಯುವ ಲೆಕ್ಕಾಚಾರ ಆ ತಿಂಗಳಿಗೆ ಹೊಂದುವಂಥದ್ದಲ್ಲ.